ಮೂವತ್ತೆರಡು ಡಿಗ್ರಿಯ ಆಚೆ

ಆ ಉಪ್ಪಿನ ಮೊದಲ ಲಾರಿ ನಮ್ಮ ಆಫೀಸಿನ ಅಂಗಳಕ್ಕೆ ಬಂದಾಗ ನಾನು ಅಲ್ಲೇ ಇದ್ದೆ. ತಾಡಪತ್ರಿ ಸರಿಸಿದ್ದೇ ತಡ, ಬಣ್ಣದ ಕಾರ್ಖಾನೆಯ ಮೋರಿಯೇ ಬಂದು ಮೂಗಿನೊಳಗೆ ಕೂತ ಹಾಗಾಯಿತು. ಹಳದಿ ಹಳದಿ, ಒದ್ದೆ ಒದ್ದೆ. ಇಳಿಸುವವರು ಮೂಗಿಗೆ ಟವೆಲ್ ಕಟ್ಟಿಕೊಂಡು ಸಲಿಕೆ ಹಾಕುತ್ತಿದ್ದರು.

"ಇದನ್ನ ನಮ್ಮ ಮನಿ ಗ್ವಾಡಿಯೊಳಗ ಬಿಡ್ತೀರೇನ್ರೀ ಸಾಹೇಬ್ರ?" ಎಂದು ಕೇಳಿದೆ.

ನಮ್ಮ ಸೂಪರಿಂಟೆಂಡೆಂಟ್ ಗುರುನಾಥರಾವ್ ಪಟವಾರಿಯವರು ಮೂಗಿಗೆ ಕರ್ಚೀಫು ಹಿಡಿದುಕೊಂಡೇ, "ಉಪ್ಪು ಅಂದ್ರ ಉಪ್ಪು ಜಗದೇವಿ. ಅದರಾಗ ಏನು ಹೊಸಾದು ಹಳೀದು?" ಎಂದರು. ಕರ್ಚೀಫು ತೆಗೆದು ಹೇಳಿದ್ದರೆ ನಂಬುತ್ತಿದ್ದೆನೋ ಏನೋ.

ನಮ್ಮೂರ ಗೋಡೆಯ ವಿಷಯ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಹೇಳಿಬಿಡುತ್ತೇನೆ. ಕೃಷ್ಣಾ ನದಿಯ ಈಚೆ ದಂಡೆಯ ಈ ಕೆಂಗಲ್ಲೂರಿನಲ್ಲಿ ಬೇಸಿಗೆ ಐವತ್ತು ಡಿಗ್ರಿ ದಾಟಲು ಶುರುವಾಗಿ ಮೂವತ್ತು ವರ್ಷವಾಯಿತು. ಮನೆಮನೆಗೆ ಏಸಿ ಹಾಕುವಷ್ಟು ಕರೆಂಟು ಎಲ್ಲಿಂದ ತರುವುದು? ಆಗ ಯಾರೋ ಪುಣ್ಯಾತ್ಮರಿಗೆ ಪೆಟ್ಲುಪ್ಪಿನ ನೆನಪಾಯಿತು. ಪಟಾಕಿಯ ಮದ್ದಿಗೆ ಹಾಕುವ ಪೆಟ್ಲುಪ್ಪನ್ನು ನೀರಿಗೆ ಹಾಕಿ ಕಲಕಿದರೆ ಚೊಂಬು ತಣ್ಣಗಾಗುತ್ತದೆ. ಹರಳು ಕರಗಬೇಕಾದರೆ ಅದಕ್ಕೆ ಶಾಖ ಬೇಕು, ಆ ಶಾಖವನ್ನು ಅದು ನೀರಿನಿಂದಲೇ ಕಸಿದುಕೊಳ್ಳುತ್ತದೆ. ಹಿಂದೆ ನವಾಬರು ಕುಡಿಯುವ ನೀರನ್ನು ಹೀಗೇ ತಂಪು ಮಾಡಿಸುತ್ತಿದ್ದರಂತೆ. ನಮ್ಮ ತಂಪುಜಾಲ ನಿಗಮದವರು ಅದನ್ನೇ ಊರಿಗೆಲ್ಲ ಮಾಡಿದರು. ರಾತ್ರಿ ದೊಡ್ಡ ಕೊಳಗಳಲ್ಲಿ ನೀರು ತಣಿದು ಹರಳು ಕಟ್ಟುತ್ತದೆ. ಹಗಲು ಆ ಹರಳು ಬೆರೆತ ನೀರು ಮನೆಗಳ ಗೋಡೆಯೊಳಗಿನ ಸಣ್ಣ ಪೈಪುಗಳಲ್ಲಿ ಹರಿದು, ಕರಗುತ್ತ ಕರಗುತ್ತ ಕೋಣೆಯ ಶಾಖ ಎಳೆದುಕೊಂಡು ವಾಪಸು ಬರುತ್ತದೆ. ತಂಪು ಸೋರಿಹೋಗಬಾರದೆಂದು ಮನೆಗಳಿಗೆ ಕಿಟಕಿಯನ್ನೇ ಇಡಲಿಲ್ಲ. ಒಂದು ಮನೆಗೆ ಒಂದು ತಣ್ಣನೆಯ ಗೋಡೆ. ನಮ್ಮ ಮಾತಿನಲ್ಲಿ ಗ್ವಾಡಿ. ಮನೆಗೆ ಯಾರು ಬಂದರೂ ನೀರು ಕೊಡುವುದಕ್ಕೆ ಮೊದಲು "ಬರ್ರಿ, ಗ್ವಾಡಿಗೆ ಕೂಡ್ರಿ" ಅನ್ನಬೇಕು. ಹಾಗೆಂದು ಮನೆಯವರು ಎದ್ದು, ಬೆನ್ನು ಆನಿಸಿದ್ದ ಜಾಗ ಬಿಟ್ಟುಕೊಡಬೇಕು. ಅದು ನಮ್ಮೂರ ಮರ್ಯಾದೆ.

ಪೈಪುಗಳು ಬೆರಳಿನಷ್ಟು ಸಣ್ಣವು. ಒಮ್ಮೊಮ್ಮೆ ಹರಳು ಗಂಟುಕಟ್ಟಿ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೆಂದೇ ಪೈಪಿಗೆ ಕರೆಂಟಿನ ಬಿಸಿಪಟ್ಟಿ ಸುತ್ತಿ, ಹೊರಗೆ ಫ್ಯಾನಿಗಿರುವಂಥ ಒಂದು ಕೆಂಪು ರೆಗ್ಯುಲೇಟರು ಇಟ್ಟಿದ್ದರು, ಒಂದರಿಂದ ಐದರವರೆಗೆ. ಪೆಟ್ಲುಪ್ಪಿನ ಗುಣ ಸೀದಾ. ನೂರು ಗ್ರಾಂ ನೀರಿನಲ್ಲಿ ಇಪ್ಪತ್ತು ಡಿಗ್ರಿಗೆ ಮೂವತ್ತು ಗ್ರಾಂ ಚಿಲ್ಲರೆ ಕರಗಿದರೆ, ಅರವತ್ತು ಡಿಗ್ರಿಗೆ ನೂರಕ್ಕೂ ಮೇಲೆ ಕರಗುತ್ತದೆ. ಹಾಗಾಗಿ ಗಟ್ಟಿಯಾದರೆ ಬಿಸಿ ಮಾಡು, ಬಿಟ್ಟುಕೊಳ್ಳುತ್ತದೆ. ಈ ಪಾಠವನ್ನು ಮನೆಮನೆಗೆ ಹೋಗಿ ಹೇಳಿಕೊಟ್ಟವಳು ನಾನು. ನಿಗಮದ ಕಂಟ್ರೋಲ್ ರೂಮಿಗೆ ಬರುವ ಮೊದಲು ಮೂರು ವರ್ಷ ನನಗೆ ಅದೇ ಕೆಲಸ. "ಅಂಗೈ ಇಟ್ಟು ನೋಡ್ರಿ. ತಂಪು ಕಡಿಮಿ ಆಗ್ಯದ ಅನಿಸಿದ್ರ ಕೆಂಪಂದು ತಿರುವ್ರಿ. ಬಿಡಲಿಲ್ಲಾ, ಇನ್ನಾ ತಿರುವ್ರಿ." ಊರಿನ ಹೆಂಗಸರೆಲ್ಲ ನನ್ನ ದನಿಯನ್ನೇ ಅಣಕಿಸಿ ಅದನ್ನು ಹೇಳುತ್ತಿದ್ದರು.

ನನ್ನ ಗಂಡ ರೇವಣಸಿದ್ದನಿಗೆ ಗೋಡೆಯೆಂದರೆ ಪ್ರಾಣ. ಇದು ಮಾತಿಗೆ ಹೇಳಿದ್ದಲ್ಲ. ಒಂಬತ್ತು ವರ್ಷದ ಹಿಂದೆ ಸಿಮೆಂಟು ಫ್ಯಾಕ್ಟರಿಯಲ್ಲಿ ಉಗಿಯ ಪೈಪು ಒಡೆದು ಅವನ ಮೈಯೆಲ್ಲ ಬೆಂದಿತ್ತು. ಚರ್ಮ ಮತ್ತೆ ಬಂತು, ಬೆವರು ಬರಲಿಲ್ಲ. ಬೆವರದ ಮೈ ತಾನಾಗಿ ತಣಿಯುವುದಿಲ್ಲ. "ಕೋಣಿ ಮೂವತ್ತೈದು ದಾಟಬಾರದು. ದಾಟಿದ್ರ ಎರಡು ತಾಸು, ಭಾಳ ಅಂದ್ರ ಮೂರು" ಎಂದಿದ್ದರು ಡಾಕ್ಟರು. ಅಂದಿನಿಂದ ಅವನು ಬಿಸಿಲಿರುವ ತನಕ ಗೋಡೆಗೆ ಬೆನ್ನು ಹಚ್ಚಿ ಕೂತವನು. ಆದರೆ ಬಾಯಿ ಮಾತ್ರ ಸುಮ್ಮನೆ ಕೂತಿದ್ದಿಲ್ಲ. ಬಂದವರಿಗೆಲ್ಲ ಗೋಡೆ ಬಿಟ್ಟುಕೊಟ್ಟು, ತಾನು ಪಕ್ಕಕ್ಕೆ ಸರಿದು, ಊರಿನ ಸುದ್ದಿಯೆಲ್ಲ ಕೇಳುತ್ತಿದ್ದ, ಕೇಳಿದ್ದಕ್ಕೆ ಎರಡು ಸೇರಿಸಿ ಹೇಳುತ್ತಿದ್ದ.

ಪಕ್ಕದ ಮನೆಯ ಗೌರಾಬಾಯಿ ಮುದುಕಿಗೆ ತನ್ನದೇ ಗೋಡೆಯಿದ್ದರೂ ದಿನಾ ಮಧ್ಯಾಹ್ನ ನಮ್ಮ ಗೋಡೆಯೇ ಬೇಕು.

"ಸರಿಯೋ ರೇವಣ್ಯಾ. ನಿನ್ನ ಬೆನ್ನಿಗೆ ಗ್ವಾಡಿ ಅರ್ಧಾ ಸವದು ಹೋಗ್ಯದ."

"ನನ್ನ ಬೆನ್ನಿಗಲ್ಲ ಚಿಗವ್ವ, ನಿನ್ನ ಮಾತಿಗೆ ಸವದದ."

ಹೀಗಿತ್ತು ನಮ್ಮ ಮನೆ. ಅವನನ್ನು ಉಳಿಸಿಕೊಳ್ಳುವುದೊಂದೇ ನನ್ನ ಬದುಕಿನ ಕೆಲಸ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಅದೇ ನನ್ನ ಕಣ್ಣಿಗೆ ಮಣ್ಣೆರಚಿತು.

ಹೊಸ ಉಪ್ಪು ಬಂದು ಎರಡು ತಿಂಗಳಲ್ಲಿ ಗೋಡೆಗಳಿಗೆ ರೋಗ ಬಂತು. ಪ್ಲಾಸ್ಟರಿನ ಬಿರುಕಿನಿಂದ ಬಿಳಿಯ ಬೂಸು ಎದ್ದಿತು. ಕೆರೆದರೆ ಉದುರುತ್ತಿತ್ತು, ಬೆಳಗಾದರೆ ಮತ್ತೆ ಅಷ್ಟೇ ಎದ್ದಿರುತ್ತಿತ್ತು. ಓಣಿಯ ಆಡುಗಳು ಅದನ್ನು ನೆಕ್ಕಿದವು, ಮೂರು ದಿನ ಓಣಿಯಲ್ಲಿ ಕಾಲಿಡುವ ಹಾಗಿರಲಿಲ್ಲ. ಆಮೇಲೆ ಮಕ್ಕಳೂ ನೆಕ್ಕಿದರು. ಗೌರಾಬಾಯಿ ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಇಟ್ಟು, "ಥೂ! ಇದು ಉಪ್ಪಲ್ಲವ್ವ, ಜುಲಾಬಿನ ಪುಡಿ" ಎಂದು ಉಗುಳಿದಳು. ಮುದುಕಿ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಅದು ಸೋಡಿಯಂ ಸಲ್ಫೇಟ್. ಹಿಂದೆ ಹೊಟ್ಟೆ ತೊಳೆಯಲು ವೈದ್ಯರು ಕೊಡುತ್ತಿದ್ದ ಉಪ್ಪೇ. ಇಲ್ಲಿಗೆ ಬಂದದ್ದು ಔಷಧಿ ಅಂಗಡಿಯಿಂದಲ್ಲ. ಬಣ್ಣದ ಕಾರ್ಖಾನೆಗಳು ಹೊರಗೆ ಚೆಲ್ಲಲು ಜಾಗವಿಲ್ಲದೆ ಗುಡ್ಡೆಹಾಕಿದ್ದ ಕಸವನ್ನು ನಮ್ಮ ನಿಗಮ ತಂದು ನಮ್ಮ ಗೋಡೆಯೊಳಗೆ ತುಂಬಿತ್ತು. ಊರಿಗೆ ಒಂದು ಮಾತು ತಿಳಿಸಿರಲಿಲ್ಲ.

ಲ್ಯಾಬಿನ ಜಮೀಲಾ ಮೇಡಂ ಒಂದು ದಿನ ನನ್ನನ್ನು ಕರೆದರು. ನಿಗಮದಲ್ಲಿ ಕೆಲಸವನ್ನು ಕೆಲಸದ ಹಾಗೆ ಮಾಡುವವರು ಅವರೊಬ್ಬರೇ ಇದ್ದರು.

"ಜಗದೇವಿ, ಒಂದು ಮಜಾ ತೋರಸ್ತೀನಿ ಬಾ" ಎಂದರು. ಮುಖದಲ್ಲಿ ಮಜಾ ಇರಲಿಲ್ಲ.

ಎರಡು ಬೀಕರು. ಒಂದರಲ್ಲಿ ಹಳೆಯ ಪೆಟ್ಲುಪ್ಪಿನ ನೀರು, ತಳದಲ್ಲಿ ಸೂಜಿಯಂಥ ಹರಳು. ಇನ್ನೊಂದರಲ್ಲಿ ಹೊಸ ಉಪ್ಪಿನ ನೀರು, ಮೂವತ್ತೆರಡು ಡಿಗ್ರಿಯಲ್ಲಿ ಹಿಡಿಸುವಷ್ಟು ಕರಗಿಸಿದ್ದು, ಕನ್ನಡಿಯಷ್ಟು ತಿಳಿ. ಎರಡರ ಕೆಳಗೂ ಹೀಟರು ಹಾಕಿದರು. ಪೆಟ್ಲುಪ್ಪಿನ ಸೂಜಿಗಳು ನೋಡನೋಡುತ್ತ ಕರಗಿ ಮಾಯವಾದವು. ಹೊಸ ಉಪ್ಪಿನ ತಿಳಿನೀರು ಮಾತ್ರ ನಲವತ್ತಕ್ಕೆ ಮಬ್ಬಾಯಿತು. ಐವತ್ತಕ್ಕೆ ಬಿಳಿಯ ಪುಡಿ ಬೀಳತೊಡಗಿತು. ಅರವತ್ತಕ್ಕೆ ಹಾಲು ತಳ ಹಿಡಿದ ಹಾಗೆ ಬೀಕರಿನ ತಳಕ್ಕೆ ಹತ್ತಿಕೊಂಡಿತು. ನಾನು ಚಮಚದಿಂದ ಕೆರೆದೆ. ಬರಲಿಲ್ಲ.

"ಬಿಸಿ ಮಾಡಿದ್ರ ಕರಗಬೇಕಲ್ರೀ ಮೇಡಂ?"

"ಮೂವತ್ತೆರಡರ ತನಕ ಕರಗ್ತದ. ಭಾಳ ಚಂದ ಕರಗ್ತದ. ಹದಿನೈದಕ್ಕ ಕರಗೋದರ ಮೂರು ಪಟ್ಟು ಮೂವತ್ತಕ್ಕ ಕರಗ್ತದ. ಅಲ್ಲಿಂದ ಮುಂದ ಉಲ್ಟಾ. ತಂಪಿನಾಗ ಇದರ ಹರಳು ನೀರನ್ನ ಒಳಗ ಇಟ್ಕೊಂಡಿರ್ತದ. ಮೂವತ್ತೆರಡು ದಾಟಿದ್ರ ಆ ನೀರು ಬಿಟ್ಟುಕೊಟ್ಟು ಬ್ಯಾರೆ ಥರದ ಹರಳಾಗ್ತದ. ಅದಕ್ಕ ಬಿಸಿ ಅಂದ್ರ ಆಗಂಗಿಲ್ಲ. ಎಷ್ಟು ಕಾಯಸ್ತೀ ಅಷ್ಟು ಹೊರಗ ಬರ್ತದ. ಅದೂ ಎಲ್ಲಿ ಭಾಳ ಬಿಸಿ ಅದನೋ ಅಲ್ಲೇ ಬಂದು ಹತ್ಕೋತದ."

ಎಲ್ಲಿ ಬಹಳ ಬಿಸಿ? ಬಿಸಿಪಟ್ಟಿ ಸುತ್ತಿದ ಪೈಪಿನ ಒಳಮೈ. ಏಪ್ರಿಲ್ ತಿಂಗಳು ಹೇಗೋ ಗೋಡೆಗಳು ಮೂವತ್ತರ ಒಳಗಿದ್ದವು. ಮೇ ಬಿಸಿಲಿಗೆ ಪೈಪಿನ ನೀರೇ ಮೂವತ್ತೆರಡು ದಾಟುತ್ತದೆ. ಗೋಡೆ ಬೆಚ್ಚಗಾಗುತ್ತದೆ. ಜನ ಏನು ಮಾಡುತ್ತಾರೆ? ನಾನು ಕಲಿಸಿದ್ದನ್ನು ಮಾಡುತ್ತಾರೆ.

"ಪಟವಾರಿ ಸಾಹೇಬ್ರಿಗೆ ಹೇಳೀರೇನ್ರೀ?"

"ಎರಡು ಸಲ ಬರದು ಕೊಟ್ಟೀನಿ. ಬಿಸಿ ಮಾಡೋದು ನಿಲ್ಲಸ್ರಿ, ಉಗುರುಬೆಚ್ಚಗಿನ ಬರೀ ನೀರು ಹಾಕಿ ತೊಳಸ್ರಿ ಅಂತ. ಫೈಲಿನಾಗ ಇಟ್ಟಾರ. ನಿಯಮ ಬದಲಾತು ಅಂದ್ರ ಉಪ್ಪು ಬದಲಾಗಿದ್ದು ಹೇಳಬೇಕಾಗ್ತದಲ್ಲ. ನನ್ನ ಮಾತು ಈ ಲ್ಯಾಬ್ ದಾಟಂಗಿಲ್ಲ ಜಗದೇವಿ. ನಿನ್ನ ಮಾತು ಊರು ಕೇಳ್ತದ."

ನಾನು ಅಲ್ಲಿಂದ ಸೀದಾ ಪಟವಾರಿಯವರ ಕೋಣೆಗೆ ಹೋದೆ. ಅವರು ಮೂಸಂಬಿ ಸುಲಿದು ತಿನ್ನುತ್ತಿದ್ದರು. ಪೂರ್ತಿ ಕೇಳಿದರು. ಕೊನೆಗೆ ಬೀಜ ಉಗುಳಿ, "ನಿನ್ನ ಗಂಡನ ಆರೋಗ್ಯ ಹ್ಯಾಂಗದ?" ಎಂದರು.

ಇನ್ನೊಂದು ತೊಳೆ ಬಾಯಿಗೆ ಹಾಕಿಕೊಂಡು ಅವರೇ ಮುಂದುವರಿಸಿದರು.

"ಅಂಥ ರೋಗಿಗೆ ಒಂದು ಗ್ವಾಡಿ ಎಲ್ಲಿ ಸಾಕಾಗ್ತದ? ಎರಡನೇ ಗ್ವಾಡಿ ಮಂಜೂರು ಮಾಡೀನಿ ಅಂತ ತಿಳ್ಕೋ. ನಾಡಿದ್ದು ಜನ ಬರ್ತಾರ. ಈ ಕರಗೋದು ಬಿಡೋದು ಲ್ಯಾಬಿನವ್ರ ತಲಿನೋವು. ಬ್ಯಾಸಗಿ ಮುಗದ ಮ್ಯಾಲ ಎಲ್ಲಾ ಸರಿ ಮಾಡೋಣು. ಅಲ್ಲಿ ತನಕ ಜನರ ತಲಿ ಕೆಡಸಬ್ಯಾಡ."

ಅವರ ಮುಖಕ್ಕೆ ಉಗುಳಬೇಕಿತ್ತು. ಬಾಯಲ್ಲಿ ಎಂಜಲೂ ಬಂದಿತ್ತು. ನುಂಗಿಕೊಂಡೆ. ಎರಡು ಗೋಡೆಯಿದ್ದರೆ ಒಂದು ಕೆಟ್ಟರೂ ಇನ್ನೊಂದು ಅವನನ್ನು ಕಾಯುತ್ತದೆ ಅಂತ ಲೆಕ್ಕ ಹಾಕಿದೆ. ನಮಸ್ಕಾರ ಮಾಡಿ ಹೊರಬಂದೆ. ಹೌದು, ನಮಸ್ಕಾರ ಮಾಡಿದೆ.

ಎರಡನೇ ಗೋಡೆ ಬಂತು. ರೇವಣಸಿದ್ದನ ಸಂಭ್ರಮ ನೋಡಬೇಕಿತ್ತು. ಮೂಲೆಯಲ್ಲಿ ಕೂತು ಒಂದು ಭುಜ ಈ ಗೋಡೆಗೆ, ಒಂದು ಭುಜ ಆ ಗೋಡೆಗೆ ಹಚ್ಚಿ, "ಚಿಗವ್ವ, ಇನ್ನ ಮ್ಯಾಲ ನೀ ನನಗ ಸರಿ ಅನ್ನಂಗಿಲ್ಲ. ನಿಂದೊಂದು ನಂದೊಂದು" ಎಂದು ಹಿಗ್ಗಿದ. ರಾತ್ರಿ ಊಟಕ್ಕೆ ಕೂತಾಗ, "ಪಟವಾರಿ ಸಾಹೇಬ್ರು ದೊಡ್ಡ ಮನುಷ್ಯಾ ನೋಡು" ಎಂದ. ನಾನು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ಅವನಿಗಾದರೂ ಹೇಳಬೇಕಿತ್ತು. ಹೇಳಿದರೆ ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ, ಗೋಡೆ ಕಿತ್ತುಕೊಂಡು ಹೋಗುತ್ತಾರೆ ಎಂದು ಹೆದರಿದೆ. ನನ್ನ ಗಂಡನ ಬಾಯಿಗೆ ಹೆದರಿ ನನ್ನ ಬಾಯಿಗೆ ಬೀಗ ಹಾಕಿಕೊಂಡೆ. ಮನೆಯ ಬಿಸಿಪಟ್ಟಿಯ ವೈರಾದರೂ ಕಿತ್ತಿಡಬೇಕೆಂದು ಎರಡು ಸಲ ಹೊರಟೆ. ಯಾಕೆ ಕಿತ್ತೆ ಎಂದು ಅವನು ಕೇಳುತ್ತಾನೆ ಅಂತ ಬಿಟ್ಟೆ. ಎಂಥ ಹೇಸಿಗೆಯ ಬುದ್ಧಿ ನನ್ನದು!

ಮೇ ಹದಿನಾಲ್ಕರ ಮಧ್ಯಾಹ್ನ ಎರಡು ಗಂಟೆಗೆ ಹೊರಗೆ ಐವತ್ತೊಂದೂವರೆ ಡಿಗ್ರಿ. ಕಂಟ್ರೋಲ್ ರೂಮಿನ ದೊಡ್ಡ ಬೋರ್ಡಿನ ಮೇಲೆ ಊರಿನ ಓಣಿಗಳೆಲ್ಲ ಗೆರೆಗಳು, ಮನೆಗಳೆಲ್ಲ ಚುಕ್ಕಿಗಳು. ಯಾರ ಮನೆಯಲ್ಲಿ ಬಿಸಿಪಟ್ಟಿ ಹಾಕಿದರೂ ಆ ಚುಕ್ಕಿ ಕೆಂಪಾಗುತ್ತದೆ. ಏಳನೇ ಲೈನಿನಲ್ಲಿ ಒತ್ತಡ ಏರುತ್ತಿತ್ತು, ಹರಿವು ಇಳಿಯುತ್ತಿತ್ತು. ಒಂದು ಚುಕ್ಕಿ ಕೆಂಪಾಯಿತು. ಆಮೇಲೆ ನಾಲ್ಕು. ಆಮೇಲೆ ಇಡೀ ಗೆರೆಯೇ ಕೆಂಪಾಯಿತು. ಏಳನೇ ಲೈನು ನಮ್ಮ ಓಣಿ.

ಮನೆಗೆ ಫೋನ್ ಹಚ್ಚಿದೆ.

"ಹಾಂ ಜಗ್ಗಿ" ಎಂದ. ದನಿ ಭಾರವಾಗಿತ್ತು. "ಎರಡೂ ಗ್ವಾಡಿ ಬೆಚ್ಚಗಾಗ್ಯಾವ. ನೀ ಹೇಳಿದ್ದ ಮಾಡೀನಿ, ಕೆಂಪಂದು ಹಾಕೀನಿ. ಬಿಡವಲ್ದು. ಐದಕ್ಕ ಇಟ್ಟೀನಿ."

"ಆರಸ್ರಿ! ಈಗಿಂದೀಗ ಆರಸ್ರಿ! ಬಾಗಿಲಾ ತಗೀರಿ, ಹಸಿ ಅರಬಿ ಹೊದ್ಕೊಳ್ರಿ!"

"ಆರಸಬೇಕಾ? ಏ, ನಾ ಓಣಿಯವ್ರಿಗೆಲ್ಲಾ ಫೋನ್ ಮಾಡಿ ಹೇಳೀನಿ ಮಾರಾಯ್ತಿ, ತಿರುವ್ರಿ ಅಂತ. ಗೌರಾಬಾಯಿ ಅಂಜಲಿಕತ್ತಿದ್ಳು. ಅಕಿಗೂ ಹೇಳೀನಿ, ಐದಕ್ಕ ಇಟ್ಟು ಬಾಗಿಲಾ ಹಾಕ್ಕೊಂಡು ಕೂಡು, ತಂಪು ಬರ್ತದ ಅಂತ."

ನಾನು ಮೈಕಿಗೆ ಕೈ ಹಾಕಿದೆ. ಊರಿನ ಪ್ರತಿ ಮನೆಯಲ್ಲೂ ನಿಗಮದ ಸ್ಪೀಕರಿದೆ. ಪಟವಾರಿಯವರು ಎಲ್ಲಿದ್ದರೋ, ಓಡಿಬಂದು ಮೈಕಿನ ಬಾಯಿಯನ್ನು ಅಂಗೈಯಿಂದ ಮುಚ್ಚಿದರು.

"ಹುಚ್ಚು ಹಿಡಿದದೇನು? ಒಂದು ಮಾತು ಆಡಿದ್ರ ನಾಳಿಂದ ನಿನಗ ಕೆಲಸ ಇಲ್ಲ, ಗ್ವಾಡಿನೂ ಇಲ್ಲ."

"ಕೈ ತಗೀರಿ."

"ಜಗದೇವಿ, ಲೈನು ನಾನು ಹಿಂದಿನಿಂದ ಬಂದ್ ಮಾಡಸ್ತೀನಿ, ಯಾರಿಗೂ ಗೊತ್ತಾಗದಂಗ..."

ಅವರ ಕೈ ಹಿಡಿದು ಎಳೆದು ಬಿಸಾಡಿದೆ. ಅಂಗೈ ಒದ್ದೆ ಒದ್ದೆ. ಹಲ್ಲಿ ಮುಟ್ಟಿದ ಹಾಗಾಗಿ ಸೀರೆಗೆ ಒರೆಸಿಕೊಂಡೆ.

"ನಾನು ಜಗದೇವಿ ಮಾತಾಡ್ಲಿಕತ್ತೀನಿ. ಎಲ್ಲಾರೂ ಕೆಂಪಂದು ಆರಸ್ರಿ. ಬಿಸಿ ಮಾಡಬ್ಯಾಡ್ರಿ. ಉಪ್ಪು ಬದಲಾಗ್ಯದ, ಇದು ಬಿಸಿಗೆ ಗಟ್ಟಿ ಆಗ್ತದ. ಗ್ವಾಡಿ ಬುಡದಾಗ ಮುಚ್ಚಳ ಅದಲ್ಲ, ಅದನ್ನ ತಗದು ಉಗುರುಬೆಚ್ಚಗಿನ ನೀರು ಹಾಕ್ರಿ. ಕುದಿಯೋ ನೀರು ಬ್ಯಾಡ. ಹಸುಗೂಸಿಗೆ ಎರಿಯೋದಕ್ಕಿಂತ ಕಡಿಮಿ ಬಿಸಿ ಇರಲಿ. ಬಾಗಿಲಾ ತಗೀರಿ. ಪಕ್ಕದ ಮನಿ ಬಾಗಿಲಾ ಬಡೀರಿ."

ಮೂರು ಸಲ ಹೇಳಿದೆ. ಕೆಂಪು ಚುಕ್ಕಿಗಳು ಒಂದೊಂದಾಗಿ ಆರಿದವು. ಕೊನೆಗೆ ಏಳನೇ ಲೈನಿನಲ್ಲಿ ಒಂದೇ ಒಂದು ಉಳಿಯಿತು. ನಮ್ಮ ಮನೆಯ ಪಕ್ಕದ್ದು. ನಾನು ಹೆಡ್‌ಫೋನ್ ಕಿತ್ತೆಸೆದು ಬಿಸಿಲಿಗೆ ಓಡಿದೆ.

ನಾನು ಹೋಗುವಷ್ಟರಲ್ಲಿ ಗೌರಾಬಾಯಿಯ ಮಗ ಮಹಾಂತಪ್ಪ ಬಾಗಿಲು ಒಡೆದಿದ್ದ. ಆ ಕೋಣೆಯಿಂದ ಬಂದ ಕಾವು ರೊಟ್ಟಿಯ ಹಂಚಿನ ಮುಂದೆ ಮುಖ ಇಟ್ಟ ಹಾಗಿತ್ತು. ಜೊತೆಗೆ ಆ ಬಣ್ಣದ ಮೋರಿಯ ನಾತ. ಮುದುಕಿ ಗೋಡೆಗೆ ಬೆನ್ನು ಹಚ್ಚಿಯೇ ಕೂತಿದ್ದಳು. ಸೆರಗಿಗೆಲ್ಲ ಬಿಳಿಯ ಬೂಸು ಹತ್ತಿತ್ತು. ಮಹಾಂತಪ್ಪ ಅದನ್ನು ಒರೆಸುತ್ತಲೇ ಇದ್ದ. ಕೈ ಹಿಡಿದು ನೋಡುವ ಅಗತ್ಯವೂ ಇರಲಿಲ್ಲ.

ನನ್ನ ಗಂಡ ಬದುಕಿದ್ದ. ಒದ್ದೆ ಚಾದರದ ಮೇಲೆ ಮಲಗಿದ್ದ, ಮೈ ನೂರಾನಾಲ್ಕು ಡಿಗ್ರಿ ಜ್ವರದಲ್ಲಿ ಸುಡುತ್ತಿತ್ತು. ಗೋಡೆಯ ಬುಡದಿಂದ ಉಗುರುಬೆಚ್ಚಗಿನ ನೀರು ಹಾಕಿದೆ, ಬಟ್ಟೆ ಅದ್ದಿ ಮೈ ಒರೆಸಿದೆ, ಮತ್ತೆ ಅದ್ದಿದೆ. ಐದು ಗಂಟೆಗೆ ಪೈಪಿನಲ್ಲಿ ಗುಳುಗುಳು ಸದ್ದಾಯಿತು. ಆರಕ್ಕೆ ಗೋಡೆ ತಣ್ಣಗಾಗತೊಡಗಿತು. ಜ್ವರ ನೂರಾ ಎರಡಕ್ಕೆ ಬಂತು. ಅವನು ಉಳಿದ.

ಕಣ್ಣು ಬಿಟ್ಟವನು ಪಕ್ಕದ ಮನೆಯ ಅಳು ಕೇಳಿದ. ಹೇಳದೆಯೇ ಅವನಿಗೆ ತಿಳಿಯಿತು.

"ನಾನೇ ಹೇಳ್ದೆ ಅಕಿಗೆ. ಬ್ಯಾಡೋ ರೇವಣ್ಯಾ, ಮೊದಲೇ ಕುದೀಲಿಕತ್ತದ ಅಂದ್ಳು. ನಾನೇ ಬೈದು ಐದಕ್ಕ ಇಡಸ್ದೆ. ನಾನೇ ಕೊಂದೆ ಜಗ್ಗಿ." ಅಳುವಾಗ ಅವನ ಇಡೀ ಮೈ ಕುಲುಕುತ್ತಿತ್ತು.

ಒಂದು ಕ್ಷಣ ಸುಮ್ಮನಿದ್ದುಬಿಡಲೇ ಅನಿಸಿತು. ಅದನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವುದು ಸಾಕಾಗಿದೆ. ಅವನು ತಾನೇ ತಪ್ಪು ಮಾಡಿದೆ ಅಂದುಕೊಂಡಿರಲಿ, ನಾನು ಅವನನ್ನು ಸಮಾಧಾನ ಮಾಡುತ್ತ ಒಳ್ಳೆಯ ಹೆಂಡತಿಯಾಗಿ ಇದ್ದುಬಿಡಲಿ ಅಂತ ಅನಿಸಿತು.

"ನಿಮ್ಮ ತಪ್ಪಲ್ರೀ" ಎಂದೆ. "ಆ ಉಪ್ಪು ಹಂಗದ. ನನಗ ಗೊತ್ತಿತ್ತು."

"ನಿನಗ ಗೊತ್ತಿತ್ತು?"

"ಜಮೀಲಾ ಮೇಡಂ ತೋರಿಸಿದ್ರು."

"ಯಾವಾಗ?"

"ಹನ್ನೊಂದು ದಿನ ಆತು."

ಅವನು ಅಳು ನಿಲ್ಲಿಸಿದ. ನನ್ನನ್ನು ನೋಡಲಿಲ್ಲ. "ಈ ಎರಡನೇದು ಬಂದು ಒಂಬತ್ತು ದಿನ ಆತಲ್ಲ?" ಎಂದ.

ನಾನು ಬಟ್ಟೆ ಅದ್ದಿ ಎದೆಗೆ ಹಚ್ಚಲು ಹೋದೆ. ಹೇಲು ಮುಟ್ಟಿದ ಕೈಯನ್ನು ಸರಿಸುವ ಹಾಗೆ, ಎರಡೇ ಬೆರಳಿನಿಂದ ನನ್ನ ಮಣಿಕಟ್ಟು ಹಿಡಿದು ಆಚೆ ಸರಿಸಿದ. ಬಟ್ಟೆ ಕಸಿದುಕೊಂಡು ತಾನೇ ಒರೆಸಿಕೊಳ್ಳಲು ನೋಡಿದ. ಕೈಯಲ್ಲಿ ಶಕ್ತಿಯಿರಲಿಲ್ಲ, ನೀರೆಲ್ಲ ಮೊಣಕೈಗೆ ಹರಿಯಿತು. ನಾನು ಮತ್ತೆ ಕೈ ಚಾಚಿದೆ.

"ಮುಟ್ಟಬ್ಯಾಡ" ಎಂದ. ಆಮೇಲೆ ಬಾಗಿಲಿನ ಕಡೆ ತಿರುಗಿ ಇದ್ದಬದ್ದ ದನಿಯೆಲ್ಲ ಹಾಕಿ ಕೂಗಿದ. "ಮಹಾಂತಾ... ಒಂದೀಟು ಬಾರಪ್ಪಾ. ನನಗ ನೀರು ಹಚ್ಚವ್ರು ಯಾರೂ ಇಲ್ಲ."

ತಾಯಿಯ ಹೆಣವನ್ನು ಬಿಟ್ಟು ಮಹಾಂತಪ್ಪ ಬಂದ. ಬಂದವನೇ ಬಕೆಟ್ಟಿನ ಹತ್ತಿರ ಕೂತು, ಬಟ್ಟೆ ಹಿಂಡಿ ನನ್ನ ಗಂಡನ ಬೆನ್ನು ಒರೆಸತೊಡಗಿದ. "ಅಕ್ಕಾ, ನೀವು ಮೈಕಿನಾಗ ಹೇಳದಿದ್ರ ಇವತ್ತ ಓಣಿನೇ ಉಳೀತಿರಲಿಲ್ಲ" ಎಂದ. ಅವನ ಕಣ್ಣು ಕೆಂಪಾಗಿತ್ತು. "ನಮ್ಮವ್ವಗ ಕೇಳಸಲಿಲ್ಲ, ಅಕಿ ನಸೀಬು. ನಿಮ್ಮ ಋಣ ದೊಡ್ಡದು."

ರೇವಣಸಿದ್ದ ಆಗ ಮೊದಲ ಸಲ ನನ್ನ ಕಡೆ ನೋಡಿದ.

"ನೀ ಹೇಳ್ತೀಯೋ, ನಾ ಹೇಳ್ಲೋ?" ಎಂದ.

ಮಹಾಂತಪ್ಪನ ಕೈ ಅಲ್ಲೇ ನಿಂತಿತು. ನಾನು ಅವನೆದುರು ನೆಲದ ಮೇಲೆ ಕೂತು, ಎರಡು ಬೀಕರುಗಳಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ.